ಮೇಲಿನ ರೆಪ್ಪೆ

“ತಪ್ಪು ಮಾಡದವನು ತಪ್ಪು ಮಾಡಿದವನಿಗಾಗಿ ಏಕೆ ಕಳೆದುಕೊಳ್ಳಬೇಕು?” ಎಂದು ಶಂಭುಲಿಂಗ ತನ್ನ ಗುರುಗಳನ್ನು ಕೇಳಿದ.

ಅವನು ಆಗಷ್ಟೇ ಊರಿಂದ ಬಂದಿದ್ದ. ಕಾಲು ತೊಳೆದುಕೊಳ್ಳುವಷ್ಟೂ ತಾಳ್ಮೆ ಅವನಿಗಿರಲಿಲ್ಲ. ಗುರುಗಳು ಏನಾಯಿತೆಂದು ವಿಚಾರಿಸಿದರು. ಅವನು ಹೇಳಿದ. ಅವನ ತಮ್ಮ ಕುಡಿತಕ್ಕೆ ಬಿದ್ದು ಇದ್ದೊಂದು ಮನೆಯನ್ನು ಕಳೆದುಕೊಂಡಿದ್ದ. ಈಗ ಕುಡಿತ ಬಿಟ್ಟಿದ್ದ. ಆದರೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಇರಲು ಸೂರಿರಲಿಲ್ಲ. ನಿನ್ನ ಮನೆಯಲ್ಲಿ ಅರ್ಧವನ್ನು ತಮ್ಮನಿಗೆ ಬಿಟ್ಟುಕೊಡು ಎಂದು ತಾಯಿ ಶಂಭುಲಿಂಗನನ್ನು ಕೇಳಿದ್ದಳು. ಆ ಮನೆಯನ್ನು ಅವನು ಸ್ವಂತ ದುಡಿಮೆಯಿಂದ ಕಟ್ಟಿದ್ದ. ತಾಯಿಗೆ ಹೌದೆಂದೂ ಹೇಳದೆ, ಇಲ್ಲವೆಂದೂ ಹೇಳದೆ ಎದ್ದು ಬಂದಿದ್ದ.

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಕಡಲ ಬದಿಯ ಒಂದು ಊರಿನಲ್ಲಿ ಉಪ್ಪಿನ ಆಗರವಿತ್ತು. ಅಲ್ಲಿ ಮಾದೇವಿ ಎಂಬ ಹೆಂಗಸು ಕೆಲಸ ಮಾಡುತ್ತಿದ್ದಳು. ಕಡಲ ನೀರು ಮಡಿಗಳಲ್ಲಿ ನಿಂತು ಆರಿ ಉಪ್ಪಾಗುತ್ತದೆ. ಅದನ್ನು ಎಳೆದು ಗುಡ್ಡೆ ಮಾಡಿ, ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ಬದುವಿನ ಮೇಲೆ ನಡೆಯಬೇಕು. ಅಲ್ಲಿ ಬಿಸಿಲು ಆಕಾಶದಿಂದಲೂ ಬಡಿಯುತ್ತದೆ, ಉಪ್ಪಿನಿಂದಲೂ ಬಡಿಯುತ್ತದೆ. ಮದುವೆಯಾಗಿ ಬಂದ ಮೇಲೆ ಅವಳಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಅವಳ ಗಂಡ ಬೊಮ್ಮಯ್ಯನೂ ಅದೇ ಆಗರದಲ್ಲಿ ದುಡಿಯುತ್ತಿದ್ದ.

ಒಂದು ವರ್ಷ ಅವಳ ಎಡಗಣ್ಣಿನ ಕೆಳರೆಪ್ಪೆಯ ಅಂಚಿನಲ್ಲಿ ಒಂದು ಗುಳ್ಳೆ ಎದ್ದಿತು. ಕಣ್ಣಿಗೆ ಕುರುವಾಗಿದೆ ಎಂದುಕೊಂಡಳು. ಬಿಸಿ ಬಟ್ಟೆ ಒತ್ತಿದಳು. ಯಾರೋ ಹೇಳಿದರೆಂದು ನಂದಿಬಟ್ಟಲ ಹೂವನ್ನು ನೀರಿನಲ್ಲಿ ನೆನೆಸಿ ಕಣ್ಣ ಮೇಲಿಟ್ಟಳು. ಗುಳ್ಳೆ ಹೋಗಲಿಲ್ಲ. ನೋವಿರಲಿಲ್ಲವಾದ್ದರಿಂದ ಅವಳೂ ಅದನ್ನು ಮರೆತಳು. ಮರುವರ್ಷ ಆ ಜಾಗದ ಕೂದಲು ಉದುರಿತು. ಮುಖ ತೊಳೆದಾಗಲೆಲ್ಲ ರಕ್ತ ಜಿನುಗತೊಡಗಿತು. ಬೊಮ್ಮಯ್ಯ ಇನ್ನು ತಡೆಯದೆ ಅವಳನ್ನು ಪಟ್ಟಣದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದ.

ಅಲ್ಲಿಯ ವೈದ್ಯೆ ಗುಳ್ಳೆಯ ಚೂರನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಅದು ಕ್ಯಾನ್ಸರ್ ಎಂದು ಗೊತ್ತಾಯಿತು. ಇದು ಮೈಯೆಲ್ಲ ಹರಡುವ ಜಾತಿಯದಲ್ಲ, ಇದ್ದಲ್ಲೇ ಕೊರೆಯುವ ಜಾತಿಯದು, ಬಿಟ್ಟರೆ ಕಣ್ಣಿನ ಗುಳಿಯ ತನಕ ಕೊರೆದುಕೊಂಡು ಹೋಗುತ್ತದೆ ಎಂದು ವೈದ್ಯೆ ಬಿಡಿಸಿ ಹೇಳಿದರು. ಗುಳ್ಳೆಯನ್ನು ತೆಗೆಯಬೇಕು. ಸುತ್ತಲಿನ ಒಳ್ಳೆಯ ಭಾಗವನ್ನೂ ಸ್ವಲ್ಪ ತೆಗೆಯಬೇಕು, ಏಕೆಂದರೆ ರೋಗ ಕಣ್ಣಿಗೆ ಕಾಣುವುದಕ್ಕಿಂತ ಆಚೆಗೂ ಹೋಗಿರುತ್ತದೆ. ಆಮೇಲೆ ಉಳಿಯುವ ಸಂದು ಚಿಕ್ಕದಾಗಿದ್ದರೆ ಎರಡು ಬದಿಯನ್ನೂ ಎಳೆದು ಹೊಲಿಯಬಹುದು. ದೊಡ್ಡದಾದರೆ ಕೆಳರೆಪ್ಪೆಯನ್ನು ಹೊಸದಾಗಿ ಕಟ್ಟಬೇಕು. ಅದಕ್ಕೆ ಮೇಲಿನ ರೆಪ್ಪೆಯ ಒಳಪದರವನ್ನು ಬಿಡಿಸಿ, ಕೆಳಕ್ಕೆ ಇಳಿಸಿ ಹೊಲಿಯುತ್ತಾರೆ. ಹೊರಗಿನ ಹೊದಿಕೆಗೆ ಕಿವಿಯ ಹಿಂದಿನ ಚರ್ಮ ತರುತ್ತಾರೆ. ಹೊಸದು ಕೆಳಗೆ ಜೀವ ಹಿಡಿಯುವ ತನಕ ಮೇಲಿನ ರೆಪ್ಪೆಯೇ ಅದಕ್ಕೆ ರಕ್ತ ಕೊಡಬೇಕು, ಹಾಗಾಗಿ ಕಣ್ಣು ಮುಚ್ಚಿಯೇ ಇರಬೇಕು. ಕೆಲವು ವಾರಗಳ ನಂತರ ಎರಡನ್ನೂ ಬೇರೆ ಮಾಡಿ ಕಣ್ಣು ತೆರೆಯುತ್ತಾರೆ.

ಮಾದೇವಿ ಮೊದಲನೆಯದಕ್ಕೆ ಒಪ್ಪಿದಳು, ಎರಡನೆಯದಕ್ಕೆ ಒಪ್ಪಲಿಲ್ಲ. ಕೆಳಗಿನದು ಕೆಟ್ಟಿದೆ, ಅದನ್ನು ಎಷ್ಟು ಬೇಕಾದರೂ ಕೊಯ್ಯಿರಿ ಎಂದಳು. ಮೇಲಿನದು ಏನು ಮಾಡಿದೆ, ಅದನ್ನೇಕೆ ಕೊಯ್ಯುತ್ತೀರಿ ಎಂದಳು. ವೈದ್ಯೆ ಮತ್ತೆ ವಿವರಿಸಿದರು. ಅವಳು ತಲೆ ತಗ್ಗಿಸಿ ಕುಳಿತಳೇ ಹೊರತು ಮಾತು ಬದಲಿಸಲಿಲ್ಲ.

ಹೊರಗೆ ಬಂದ ಮೇಲೆ ಅವಳು ಗಂಡನಿಗೆ ನಿಜವಾದ ಕಾರಣ ಹೇಳಿದಳು. ಅವಳ ಅವ್ವನಿಗೆ ವಯಸ್ಸಾದ ಮೇಲೆ ಒಂದು ಕಣ್ಣು ಕೆಟ್ಟು ಮುಚ್ಚಿಕೊಂಡಿತ್ತು. ಇವತ್ತು ತೆರೆಯುತ್ತದೆ, ನಾಳೆ ತೆರೆಯುತ್ತದೆ ಎಂದು ಅವ್ವ ಸಾಯುವ ತನಕ ಕಾದಿದ್ದಳು. ಸತ್ತವರ ಕಣ್ಣನ್ನು ಮುಚ್ಚುವುದನ್ನು ಮಾದೇವಿ ಕಂಡಿದ್ದಳು. ಬದುಕಿದವರ ಕಣ್ಣನ್ನು ಹೊಲಿದು ಮತ್ತೆ ತೆರೆದದ್ದನ್ನು ಕಂಡಿರಲಿಲ್ಲ.

ಬೊಮ್ಮಯ್ಯ ಒಳಗೆ ಹೋಗಿ ಇದನ್ನು ವೈದ್ಯೆಗೆ ತಿಳಿಸಿದ. ವೈದ್ಯೆ ಹೊರಗೆ ಬಂದು ಬೆಂಚಿನ ಮೇಲೆ ಮಾದೇವಿಯ ಪಕ್ಕದಲ್ಲಿ ಕುಳಿತರು. ನಿಮ್ಮನ್ನು ಕೇಳದೆ ಮೇಲಿನ ರೆಪ್ಪೆಗೆ ಕೈ ಹಾಕುವುದಿಲ್ಲ ಎಂದು ಮಾತು ಕೊಟ್ಟರು. ಆ ಮಾತಿನ ಮೇಲೆ ಅವಳು ಶಸ್ತ್ರಚಿಕಿತ್ಸೆಗೆ ಒಪ್ಪಿದಳು.

ಅವಳಿಗೆ ಪ್ರಜ್ಞೆ ತಪ್ಪಿಸಲಿಲ್ಲ. ಕಣ್ಣಿನ ಸುತ್ತ ಚುಚ್ಚುಮದ್ದು ಕೊಟ್ಟು ಮರಗಟ್ಟಿಸಿದರು. ಮುಖದ ಮೇಲೆ ಹಸಿರು ಬಟ್ಟೆ ಹೊದಿಸಿದರು. ವೈದ್ಯೆ ಗುಳ್ಳೆಯನ್ನು ಸುತ್ತಲಿನ ಭಾಗದೊಂದಿಗೆ ಕತ್ತರಿಸಿ ತೆಗೆದರು. ತೆಗೆದದ್ದರ ಅಂಚುಗಳಲ್ಲಿ ರೋಗ ಉಳಿದಿದೆಯೇ ಎಂದು ನೋಡಲು ಪಕ್ಕದ ಕೋಣೆಗೆ ಕಳಿಸಿದರು. ಮಾದೇವಿ ಹಾಗೇ ಮಲಗಿ ಕಾದಳು. ಮೂಗಿನ ಬದಿಯ ಅಂಚಿನಲ್ಲಿ ರೋಗವಿದೆ ಎಂದು ತಿಳಿದುಬಂತು. ವೈದ್ಯೆ ಅಲ್ಲಿ ಇನ್ನಷ್ಟು ತೆಗೆದರು. ಅದನ್ನೂ ಕಳಿಸಿದರು. ಈ ಸಲ ಅಂಚು ಶುದ್ಧವಾಗಿತ್ತು. ಆದರೆ ಕೆಳರೆಪ್ಪೆಯಲ್ಲಿ ಬಹುಪಾಲು ಉಳಿದಿರಲಿಲ್ಲ.

ವೈದ್ಯೆ ಕತ್ತರಿ ಕೆಳಗಿಟ್ಟು, ಅವಳ ಕಿವಿಯ ಹತ್ತಿರ ಬಗ್ಗಿ, ರೋಗ ಪೂರ್ತಿ ಹೋಗಿದೆ ಎಂದು ಮೊದಲು ಹೇಳಿದರು. ಸಂದು ದೊಡ್ಡದಾಗಿದೆ, ಎಳೆದು ಹೊಲಿಯಲು ಬಾರದು ಎಂದು ಆಮೇಲೆ ಹೇಳಿದರು. ಹೀಗೇ ಬಿಟ್ಟರೆ ಕಣ್ಣು ಮುಚ್ಚುವುದಿಲ್ಲ. ಮುಚ್ಚದ ಕಣ್ಣು ಒಣಗುತ್ತದೆ, ಹುಣ್ಣಾಗುತ್ತದೆ, ಕೊನೆಗೆ ನೋಟ ಹೋಗುತ್ತದೆ. ಕೊಟ್ಟ ಮಾತಿನಂತೆ ಕೇಳುತ್ತಿದ್ದೇನೆ, ನೀವು ಬೇಡವೆಂದರೆ ಬೇರೆ ಏನು ಸಾಧ್ಯವೋ ನೋಡುತ್ತೇನೆ, ಆದರೆ ಅದು ಇಷ್ಟು ಚೆನ್ನಾಗಿ ಕೂರುವುದಿಲ್ಲ ಎಂದರು.

ಬಟ್ಟೆಯ ಕೆಳಗಿನಿಂದ ಮಾದೇವಿ ಕೇಳಿದಳು: “ಮೇಲಿನದರಲ್ಲಿ ತೆಗೆದದ್ದು ಮತ್ತೆ ಬೆಳೆಯುತ್ತದೆಯೇ, ಅಮ್ಮ?”

“ಇಲ್ಲ,” ಎಂದರು ವೈದ್ಯೆ. “ಬೆಳೆಯುವುದಿಲ್ಲ. ಆದರೆ ಅದರ ಕೆಲಸಕ್ಕೆ ಬೇಕಾದಷ್ಟನ್ನು ಬಿಟ್ಟೇ ತೆಗೆಯುತ್ತೇನೆ.”

ಪಕ್ಕದಲ್ಲಿ ನಿಂತಿದ್ದ ನರ್ಸ್ ಅವಳ ಕೈ ಹಿಡಿದುಕೊಂಡಳು.

“ತೆಗೆಯಿರಿ. ಎರಡೂ ನನ್ನವೇ,” ಎಂದಳು ಮಾದೇವಿ.

ಕಣ್ಣು ಮುಚ್ಚಿದ ವಾರಗಳು ಸುಲಭವಾಗಿರಲಿಲ್ಲ. ಒಂದೇ ಕಣ್ಣಿಗೆ ದೂರ ಹತ್ತಿರ ಸರಿಯಾಗಿ ತಿಳಿಯುವುದಿಲ್ಲ. ಗಂಜಿ ಬಡಿಸಲು ಹೋದರೆ ತಟ್ಟೆಯ ಹೊರಗೆ ಬೀಳುತ್ತಿತ್ತು. ಮೊದಲ ಸಲ ಹಾಗಾದಾಗ ಅವಳು ಸೌಟು ಬಿಟ್ಟು ಅತ್ತಳು. ಬೊಮ್ಮಯ್ಯ ನೆಲ ಒರೆಸಿ, ತಟ್ಟೆಯನ್ನು ಎತ್ತಿ ಸೌಟಿನ ಕೆಳಗೆ ಹಿಡಿದ. ಆಮೇಲೆ ದಿನವೂ ಹಾಗೇ ಹಿಡಿಯುತ್ತಿದ್ದ. ಆಗರಕ್ಕೆ ಹೋಗಬಾರದೆಂದು ವೈದ್ಯೆ ಕಟ್ಟುನಿಟ್ಟಾಗಿ ಹೇಳಿದ್ದರು. ಉಪ್ಪು ಎಳೆಯುವ ಕಾಲ ಅವಳಿಲ್ಲದೆ ಕಳೆಯುತ್ತಿತ್ತು. ಅವಳು ಬಾಗಿಲಲ್ಲಿ ಕುಳಿತು ಹೆಂಗಸರು ಹೋಗುವುದನ್ನು ನೋಡುತ್ತಿದ್ದಳು.

ನಡುವೆ ಒಮ್ಮೆ ಅವಳು ಹಟ ಹಿಡಿದು ಆಸ್ಪತ್ರೆಗೆ ಹೋದಳು. ಊತ ಇಳಿದಿದೆ, ನೋವಿಲ್ಲ, ಇವತ್ತೇ ತೆರೆದುಬಿಡಿ ಎಂದಳು. ವೈದ್ಯೆ ಪರೀಕ್ಷಿಸಿ ನೋಡಿದರು. ಈಗ ಬೇರೆ ಮಾಡಿದರೆ ಕೆಳಗಿನದು ಸಾಯುತ್ತದೆ, ಮೇಲಿನದು ಕೊಟ್ಟದ್ದೂ ದಂಡವಾಗುತ್ತದೆ ಎಂದು ಹೇಳಿ ಕಳಿಸಿದರು. ಅವಳು ಸಿಟ್ಟಿನಿಂದ ಮನೆಗೆ ಬಂದಳು.

ಕೊನೆಗೆ ತೆರೆಯುವ ದಿನ ಬಂತು. ವೈದ್ಯೆ ನಡುವಿನ ಬೆಸುಗೆಯನ್ನು ಕತ್ತರಿಸಿದರು. ಹೆಚ್ಚು ಹೊತ್ತು ಹಿಡಿಯಲಿಲ್ಲ. ಮಾದೇವಿಗೆ ಮೊದಲು ಬೆಳಕು ಕಂಡಿತು. ಆಮೇಲೆ ಎಲ್ಲವೂ ನೀರಿನೊಳಗಿನಂತೆ ಕಂಡಿತು. ಹೊರಗೆ ಬಂದಾಗ ಬೊಮ್ಮಯ್ಯನ ಮುಖ ಕಂಡಿತು. ಅವಳು ಎರಡು ಕಣ್ಣಿನಿಂದಲೂ ಅವನನ್ನು ನೋಡಿ, ಇಂಥ ದಿನವೂ ಗಡ್ಡ ತೆಗೆಸದೆ ಬಂದಿದ್ದೀರಲ್ಲ ಎಂದು ಬೈದಳು. ಅವನು ನಗಲಾರದೆ ಆಚೆ ತಿರುಗಿ ನಿಂತ.

ಹೊಸ ರೆಪ್ಪೆ ಹಳೆಯದರಂತೆ ಆಗಲಿಲ್ಲ. ಅದರಲ್ಲಿ ಕೂದಲು ಬರಲಿಲ್ಲ. ಬಣ್ಣ ಒಂದಿಷ್ಟು ಬೇರೆಯಾಗಿತ್ತು. ಗಾಳಿಗೆ ಆ ಕಣ್ಣಲ್ಲಿ ನೀರು ಬರುತ್ತಿತ್ತು. ಮೇಲಿನದೂ ಮೊದಲಿನಷ್ಟು ಇರಲಿಲ್ಲ. ಹತ್ತಿರದಿಂದ ನೋಡಿದರೆ ತುಸು ಮೇಲಕ್ಕೆ ಎಳೆದಂತೆ ಕಾಣುತ್ತಿತ್ತು. ಆದರೆ ಮಲಗಿದಾಗ ಕಣ್ಣು ಮುಚ್ಚುತ್ತಿತ್ತು, ಎದ್ದಾಗ ತೆರೆಯುತ್ತಿತ್ತು. ರೋಗ ಮತ್ತೆ ಬಂದಿದೆಯೇ ಎಂದು ತೋರಿಸಿಕೊಳ್ಳಲು ಅವಳು ವರ್ಷಕ್ಕೆ ಕೆಲವು ಸಲ ಆಸ್ಪತ್ರೆಗೆ ಹೋಗುತ್ತಿದ್ದಳು. ಬಂದಿರಲಿಲ್ಲ. ಮಳೆಗಾಲ ಮುಗಿದು ಹೊಸ ಉಪ್ಪು ಕಟ್ಟಿದಾಗ ಹಣೆಯ ಮೇಲೆ ನೆರಳು ಬೀಳುವಂತೆ ತಲೆಗೆ ಬಟ್ಟೆ ಕಟ್ಟಿಕೊಂಡು ಆಗರಕ್ಕೆ ಹೋದಳು. ಬುಟ್ಟಿ ಹೊತ್ತು ಬದುವಿನ ಮೇಲೆ ನಡೆದಳು. ಕಾಲು ತಪ್ಪಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಂಭುಲಿಂಗನ ಮುಖ ತಿಳಿಯಾಗಲಿಲ್ಲ. ಕತೆ ತನಗೇ ಹೇಳಿದ್ದೆಂದು ಅವನಿಗೆ ತಿಳಿದಿತ್ತು. ತಿಳಿದದ್ದರಿಂದಲೇ ಅವನಿಗೆ ಸಮಾಧಾನವಾಗಿರಲಿಲ್ಲ.

“ರೆಪ್ಪೆಗೆ ಮನಸ್ಸಿಲ್ಲ, ಗುರುಗಳೇ,” ಎಂದ. “ತನ್ನಿಂದ ಏನು ಹೋಯಿತೆಂದು ಅದಕ್ಕೆ ಗೊತ್ತೂ ಇಲ್ಲ. ನನಗೆ ಮನಸ್ಸಿದೆ. ನನಗೆ ನೋಯುತ್ತದೆ.”

ಗುರುಗಳು ಅದನ್ನು ಅಲ್ಲಗಳೆಯಲಿಲ್ಲ. ಅವರು ಹೇಳಿದ್ದು ಒಂದೇ ಮಾತು:

“ಅದಕ್ಕೇ ರೆಪ್ಪೆಯನ್ನು ಯಾರೂ ಕೇಳಲಿಲ್ಲ, ನಿನ್ನನ್ನು ನಿನ್ನ ತಾಯಿ ಕೇಳಿದ್ದಾಳೆ.”