ಅರ್ಧ ಬ್ರಾಯ್ಲರ್ ಮುನಿಶಾಮಿ

ಮಾಲೂರಿನ ಕೋಳಿ ಸಾಹುಕಾರ ಪಿಳ್ಳಣ್ಣನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಈ ಸಲವಂತೂ ಅವನ ಶೆಡ್ಡಿನ ಬ್ರಾಯ್ಲರ್ ಕೋಳಿಗಳಿಗೆ ಹೊಟ್ಟೆ ಸೋಂಕು ಹತ್ತಿತ್ತು. ದನದ ಡಾಕ್ಟರು ಕೊಟ್ಟ ಪ್ರೊಬಯಾಟಿಕ್ ಪುಡಿಯನ್ನು ಆಳು ಮುನಿಶಾಮಿ ಮೇವಿಗೆ ಬೆರೆಸುತ್ತಿದ್ದ.

"ಏನೋ ಅದು?" ಪಿಳ್ಳಣ್ಣ ಗುಡುಗಿದ.

"ಒಳ್ಳೇ ಬ್ಯಾಕ್ಟೀರಿಯಾ ಸ್ವಾಮಿ, ಮೊಸರಲ್ಲಿರೋ ಥರದ್ದು. ಇದು ಹೊಟ್ಟೇಲಿ ಜಾಗ ಹಿಡಿದ್ರೆ ಕೆಟ್ಟದ್ದಕ್ಕೆ ಜಾಗ ಸಿಗಲ್ಲ."

"ಕಾಯಿಲೆ ಕೋಳಿಗೆ ಇನ್ನಷ್ಟು ಬ್ಯಾಕ್ಟೀರಿಯಾನಾ? ಮೊದಲು ನೀನು ತಿನ್ನು! ಕೋಳಿ ಥರಾನೇ ಇದೇ ಮೇವು ತಿಂದು ಬದುಕಿ ತೋರಿಸು. ಇಲ್ದಿದ್ರೆ ಕೆಲಸ ಬಿಡು!"

ಮುನಿಶಾಮಿ ತನ್ನನ್ನೇ ಒಮ್ಮೆ ನೋಡಿಕೊಂಡ. ಮುಂದಕ್ಕೆ ಬಂದ ಹೊಟ್ಟೆ, ಕಡ್ಡಿಯಂಥ ಕಾಲು, ನಾಲ್ಕು ಹೆಜ್ಜೆಗೇ ಏದುಸಿರು.

"ಆಗ್ಲಿ ಸ್ವಾಮಿ, ಹೇಗಿದ್ರೂ ನಾನು ಅರ್ಧ ಬ್ರಾಯ್ಲರೇ ಅಲ್ವಾ," ಅಂದವನೇ ಶೆಡ್ಡಿನಲ್ಲೇ ಕಾಲು ಚಾಚಿ ಮಲಗಿಬಿಟ್ಟ. "ಕೋಳಿ ಥರಾನೇ ಅಂದ್ರಲ್ಲ, ಫ್ಯಾನ್ ಹಾಕಿ. ಮೇವು, ನೀರು ಇಲ್ಲಿಗೇ ಬರ್ಲಿ. ಕೆಲಸ ಹೇಳಬೇಡಿ. ಮುಖ್ಯವಾಗಿ ಕೂಗಾಡಬೇಡಿ. ಗಾಬರಿಯಾದ್ರೆ ನಮ್ಮಂಥ ಕೋಳಿಗಳು ತೂಕ ಇಳಿದುಬಿಡ್ತೀವಿ."

ಪಿಳ್ಳಣ್ಣ ಬಾಯಿ ತೆರೆದ. ಕೂಗುವ ಹಾಗಿಲ್ಲ, ಮುಚ್ಚಿದ. ಶೆಡ್ಡು ತುಂಬ ಕೋಳಿ, ನೀರು ಹೊರಲು ಈಗ ತಾನೊಬ್ಬನೇ. ಎರಡನೇ ಬಕೆಟ್ಟಿಗೇ ಸೊಂಟ ಹಿಡಿದುಕೊಂಡಿತು.

"ಏಳಪ್ಪ, ಆ ಪುಡೀನ ಕೋಳಿಗೇ ಹಾಕು. ನಿನ್ನ ಸಾಕೋದಕ್ಕಿಂತ ಅವನ್ನ ಸಾಕೋದೇ ಸುಲಭ," ಅಂದ ಮೆಲ್ಲಗೆ.

ಮುನಿಶಾಮಿ ದಡಬಡಿಸಿ ಎದ್ದ.

"ಏನೋ, ಇಷ್ಟು ಬೇಗ ಕೋಳಿ ಬಾಳು ಸಾಕಾಯ್ತಾ?"

"ಬಾಳು ಚೆನ್ನಾಗೇ ಇದೆ ಸ್ವಾಮಿ," ಮುನಿಶಾಮಿ ಹೊಟ್ಟೆ ಸವರಿಕೊಂಡ. "ಆದ್ರೆ ನಾನು ಆಗ್ಲೇ ಮಾರೋ ತೂಕಕ್ಕೆ ಬಂದುಬಿಟ್ಟಿದ್ದೀನಿ. ಮಾಂಸದಂಗಡಿ ಲಾರಿ ಬರೋದ್ರೊಳಗೆ ಮತ್ತೆ ಮನುಷ್ಯ ಆಗೋದೇ ವಾಸಿ."