ಪರದೆಯ ಹಿಂದಿನ ಹುಣಸೆಬೀಜ

"ನನ್ನ ಸೀಮೆಯಲ್ಲಿ ಒಬ್ಬರ ಅಭಿಪ್ರಾಯವನ್ನು ಇನ್ನೊಬ್ಬರು ಕೊಳ್ಳುವುದು ಸಾಧ್ಯವೇ ಇಲ್ಲ!" ಎಂದು ಗುಡೇಹಾಳದ ದೊರೆ ಭೈರನಾಯಕ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ. ಆಮೇಲೆ ತಾನೇ ಕಟ್ಟಿದ ಹಾಡೊಂದನ್ನು ಹಾಡಿ, "ಹೇಗಿದೆ?" ಎಂದು ಕೇಳಿದ. ಚೆನ್ನಾಗಿದೆ ಎಂದವರಿಗೆಲ್ಲ ಒಂದೊಂದು ಶಾಲು ಹೊದಿಸಿದ.

ಹಾಡು ಹೇಗಿತ್ತೆಂದು ನಾನು ಹೇಳುವುದಿಲ್ಲ. ಅರಮನೆಯ ಗಿಳಿ ಪಂಜರದ ಮೂಲೆಗೆ ಸರಿದು ರೆಕ್ಕೆಯೊಳಗೆ ತಲೆ ಹುದುಗಿಸಿಕೊಂಡಿತ್ತು, ಅಷ್ಟು ಹೇಳಬಲ್ಲೆ. ಆಸ್ಥಾನದ ವಿದೂಷಕ ಅಣ್ಣಾಜಿ ಕೂಡ "ಚೆನ್ನಾಗಿದೆ" ಎಂದು ಶಾಲು ಹೊದ್ದುಕೊಂಡ.

ಅಷ್ಟರಲ್ಲಿ ತಳವಾರ ಏದುಸಿರು ಬಿಡುತ್ತ ಓಡಿ ಬಂದ. "ದೊರೆಗಳೇ, ಕೆರೆ ಯಜಮಾನನ ಆಯ್ಕೆಯಲ್ಲಿ ಬೀಜ ಮಾರಾಟ ಆಗೈತೆ!"

ಗುಡೇಹಾಳದಲ್ಲಿ ಕೆರೆ ನೋಡಿಕೊಳ್ಳುವವನನ್ನು ಊರಿನವರೇ ಆರಿಸಬೇಕು. ದೊರೆಯ ಅಜ್ಜ ಮಾಡಿಟ್ಟ ಕಟ್ಟಳೆ ಅದು. ಮನೆಗೊಂದು ಹುಣಸೆಬೀಜ ಕೊಡುತ್ತಾರೆ. ಪರದೆಯ ಹಿಂದೆ ಸ್ಪರ್ಧೆಗೆ ನಿಂತ ಒಬ್ಬೊಬ್ಬರಿಗೆ ಒಂದೊಂದು ಮಡಕೆ. ಬೇಕಾದವರ ಮಡಕೆಗೆ ಬೀಜ ಹಾಕಿ ಬರಬೇಕು, ಯಾರಿಗೆ ಹಾಕಿದೆ ಎಂದು ಬಾಯಿ ಬಿಡಕೂಡದು. ಈ ಸಲ ಗಾಣದ ರುದ್ರಪ್ಪ, ಕಂಬಳಿ ವ್ಯಾಪಾರಿ ಬೊಮ್ಮಯ್ಯ ಮತ್ತು ಕೆರೆಯ ತೂಬು ಎತ್ತುವ ದ್ಯಾವಣ್ಣ ನಿಂತಿದ್ದರು. ಗೆದ್ದವನು ದ್ಯಾವಣ್ಣ.

ಊರೆಲ್ಲ ಹುಡುಕಿದಾಗ ಸಿಕ್ಕಿಬಿದ್ದದ್ದು ಕುಂಬಾರ ನಿಂಗವ್ವ ಒಬ್ಬಳೇ. ಉಳಿದವರು ಬೀಜದ ಬದಲಿಗೆ ತಮಗೆ ಬಂದದ್ದನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದರು. ನಿಂಗವ್ವನ ಗುಡಿಸಲಿಗೆ ಅಟ್ಟವೇ ಇರಲಿಲ್ಲ. ಹೊಸ ಕಂಬಳಿ, ತುಂಬಿದ ಎಣ್ಣೆ ಕುಡಿಕೆ ಎರಡೂ ಬಾಗಿಲಲ್ಲೇ ಇದ್ದವು. ತಳವಾರ ಅವಳನ್ನು ಸಭೆಗೆ ಕರೆತಂದ.

"ಬೀಜ ಮಾರುವುದು ರಾಜದ್ರೋಹ!" ಎಂದು ದೊರೆ ಗುಡುಗಿದ. "ಇವಳು ಮಡಕೆ ಸುಡುವ ಆವಿಗೆಯನ್ನು ಒಡೆದುಹಾಕಿ. ಇವಳನ್ನು ಕತ್ತೆಯ ಮೇಲೆ ಹಿಂದುಮುಂದಾಗಿ ಕೂರಿಸಿ ಮೆರವಣಿಗೆ ಮಾಡಿ!"

"ಊರಾಗೆ ಕತ್ತೆ ಇರೋದು ನನ್ನೊಬ್ಬಾಕಿದೇ, ದೊರೆಗಳೇ," ಎಂದಳು ನಿಂಗವ್ವ. "ಅದು ಬ್ಯಾರೆಯವರ ಮಾತು ಕೇಳಂಗಿಲ್ಲ. ನಾನೇ ಮ್ಯಾಲೆ ಕೂತು ನಾನೇ ಹಗ್ಗ ಹಿಡಿಯೋದು ಹೆಂಗ್ರಿ?" ಆಮೇಲೆ ಅವಳು ಕೈ ಮುಗಿದಳು. "ಮೆರವಣಿಗೆ ಬೇಕಾದ್ರೆ ಮಾಡ್ರಿ. ಆವಿಗೆ ಒಡೀಬ್ಯಾಡ್ರಿ. ಇನ್ನೊಂದು ಕಟ್ಟೋ ವಯಸ್ಸಲ್ಲ ನಂದು."

"ಹಾಗಾದರೆ ಹೇಳು, ಬೀಜ ಯಾರಿಗೆ ಹಾಕಿದೆ?"

"ಅದನ್ನ ಹೇಳಬಾರದು ಅಂತ ನಿಮ್ಮಜ್ಜನ ಕಟ್ಟಳೆ ಐತಲ್ರಿ!"

ಅಣ್ಣಾಜಿಗೆ ಮುದುಕಿಯ ಮೇಲೆ ಕನಿಕರ ಹುಟ್ಟಿತು. ಎಣ್ಣೆ ಕೊಟ್ಟವರು ಯಾರು, ಕಂಬಳಿ ಕೊಟ್ಟವರು ಯಾರು ಎಂದು ಸಭೆಯಲ್ಲಿ ಒಬ್ಬನೂ ಕೇಳಿರಲಿಲ್ಲ. ಅವನು ಎದ್ದು ನಿಂತ.

"ಪ್ರಭು, ಇವಳು ಮಾರಿದಳು ಎನ್ನುತ್ತೀರಿ. ಕೊಂಡವರಿಗೆ ಸರಕು ತಲುಪಿತೋ ಇಲ್ಲವೋ ವಿಚಾರಿಸಬೇಡವೇ? ಮಧ್ಯಾಹ್ನದವರೆಗೆ ಅವಕಾಶ ಕೊಡಿ."

ದೊರೆ ಒಪ್ಪಿದ. ಅಣ್ಣಾಜಿ ಡಂಗುರ ಸಾರಿಸಿದ. "ಕೇಳ್ರಪ್ಪೋ ಕೇಳ್ರಿ! ಎಣ್ಣೆ, ಕಂಬಳಿ ಹಂಚಿಯೂ ಬೀಜ ಸಿಗದೆ ಮೋಸ ಹೋದವರು ಅರಮನೆಗೆ ಬಂದು ದೂರು ಕೊಡಬಹುದು!"

ಡಂಗುರದವನು ವಾಪಸು ಬರುವುದಕ್ಕೂ ಮುಂಚೆ ರುದ್ರಪ್ಪ, ಬೊಮ್ಮಯ್ಯ ಇಬ್ಬರೂ ಒಬ್ಬರನ್ನೊಬ್ಬರು ತಳ್ಳಿಕೊಂಡು ಒಳಗೆ ನುಗ್ಗಿದರು.

"ಅನ್ಯಾಯ, ಮಹಾಪ್ರಭು!" ರುದ್ರಪ್ಪ ಎದೆ ಬಡಿದುಕೊಂಡ. "ಒಂದು ಮನೆ ಬಿಡದೆ ಎಣ್ಣೆ ಕೊಟ್ಟೆ. ನನ್ನ ಮಡಕೆಯಲ್ಲಿ ಎರಡೇ ಬೀಜ! ಅದರಲ್ಲೂ ಒಂದು ನಾನೇ ಹಾಕಿದ್ದು."

"ನಿನಗೆ ಎರಡಾದರೂ ಬಿದ್ದಿವೆ!" ಬೊಮ್ಮಯ್ಯ ಕಿರುಚಿದ. "ಇಡೀ ಊರಿಗೆ ಕಂಬಳಿ ಹೊದಿಸಿದ್ದೇನೆ. ನನ್ನ ಮಡಕೆಯಲ್ಲಿ ಒಂದೂ ಇರಲಿಲ್ಲ!"

"ಒಂದೂ ಇರಲಿಲ್ಲವೇ?" ಅಣ್ಣಾಜಿ ಮೆಲ್ಲಗೆ ಕೇಳಿದ. "ಹಾಗಾದರೆ ನಿಮ್ಮ ಸ್ವಂತ ಬೀಜ ಎಲ್ಲಿ ಹೋಯಿತು, ಬೊಮ್ಮಯ್ಯನವರೇ?"

ಬೊಮ್ಮಯ್ಯ ಬಾಗಿಲ ಕಡೆ ಒಂದು ಹೆಜ್ಜೆ ಸರಿದ. ರುದ್ರಪ್ಪ ಅವನ ಕಡೆ ತಿರುಗಿದ. "ಎಲಾ! ಆ ಎರಡನೇ ಬೀಜ ನಿನ್ನದಾ?"

"ನಮ್ಮನೆಗೆ ಎರಡು ಕುಡಿಕೆ ಕಳಿಸಿದ್ದೆಯಲ್ಲ ಮಾರಾಯ," ಎಂದು ಬೊಮ್ಮಯ್ಯ ತಲೆ ಕೆರೆದುಕೊಂಡ. "ನಾನಂತೂ ಗೆದ್ದೇ ಗೆಲ್ಲುತ್ತೇನೆ, ನಿನಗೂ ಒಂದಿರಲಿ ಅಂತ ಹಾಕಿಬಿಟ್ಟೆ."

ಸಭೆ ಬಿದ್ದು ಬಿದ್ದು ನಕ್ಕಿತು. ಅಣ್ಣಾಜಿ ಕೈ ಮುಗಿದ. "ಕೇಳಿದಿರಾ ಪ್ರಭು? ನಿಂಗವ್ವ ಇಬ್ಬರಿಂದಲೂ ತೆಗೆದುಕೊಂಡಳು, ಇಬ್ಬರಿಗೂ ಬೀಜ ಕೊಡಲಿಲ್ಲ. ಇಡೀ ಸೀಮೆಯಲ್ಲಿ ಬೀಜ ಮಾರಿ, ಮಾತು ಉಳಿಸಿಕೊಂಡವರು ಬೊಮ್ಮಯ್ಯನವರು ಒಬ್ಬರೇ!"

"ಆದರೂ ಮಾರುವುದು ತಪ್ಪೇ ತಾನೇ?" ಎಂದ ದೊರೆ.

"ತಪ್ಪೇ. ಆದರೆ ಮನೆಮನೆಗೆ ಎಣ್ಣೆ ಹೊತ್ತು ತಿರುಗಿದವರನ್ನು ಬಿಟ್ಟು ಒಬ್ಬ ಮುದುಕಿಯ ಆವಿಗೆ ಒಡೆದರೆ, ಮುಂದಿನ ಸಲವೂ ಎಣ್ಣೆ ಬರುತ್ತದೆ, ಮಡಕೆ ಮಾತ್ರ ಇರುವುದಿಲ್ಲ."

ಆವಿಗೆ ಉಳಿಯಿತು. ಮೆರವಣಿಗೆಯೂ ನಡೆಯಿತು. ಕತ್ತೆಯ ಮೇಲೆ ರುದ್ರಪ್ಪ ಮುಂದಕ್ಕೆ ಮುಖ ಮಾಡಿ ಕೂತ, ಬೊಮ್ಮಯ್ಯ ಹಿಂದಕ್ಕೆ. ನಿಂಗವ್ವ ಆ ಹೊಸ ಕಂಬಳಿಯನ್ನು ಕತ್ತೆಯ ಬೆನ್ನಿಗೆ ಹಾಸಿ, "ಕೊಟ್ಟವರೇ ಕೂರಲಿ," ಎಂದು ಹಗ್ಗ ಹಿಡಿದಳು. ಕೆರೆ ಏರಿಯ ಮೇಲೆ ಕತ್ತೆ ಮುಷ್ಕರ ಹೂಡಿತು. ಅದನ್ನು ಹಿಂದಿನಿಂದ ದೂಡಿದ್ದೇ ಹೊಸ ಯಜಮಾನ ದ್ಯಾವಣ್ಣನ ಮೊದಲ ಕೆಲಸ.

ಸಂಜೆ ನಕ್ಕು ನಕ್ಕು ಸುಸ್ತಾಗಿದ್ದ ದೊರೆಗೆ ಏನೋ ಹೊಳೆಯಿತು. ಹುಬ್ಬು ಗಂಟಿಕ್ಕಿದ.

"ಅಣ್ಣಾಜಿ, ಬೆಳಿಗ್ಗೆ ನನ್ನ ಹಾಡು ಚೆನ್ನಾಗಿದೆ ಎಂದು ಶಾಲು ತೆಗೆದುಕೊಂಡೆಯಲ್ಲ. ನೀನೂ ಅಭಿಪ್ರಾಯ ಮಾರಿಕೊಂಡಂತೆ ಆಗಲಿಲ್ಲವೇ? ಕತ್ತೆ ಇನ್ನೂ ಹೊರಗೇ ಇದೆ."

"ಮಾರಿಲ್ಲ ಪ್ರಭು," ಎಂದು ಅಣ್ಣಾಜಿ ಶಾಲು ಸರಿಮಾಡಿಕೊಂಡ. "ಶಾಲನ್ನು ಎಲ್ಲರೆದುರು ಹೊದ್ದುಕೊಂಡೆ. ನಿಮ್ಮ ಹಾಡಿಗೆ ಹಾಕುವ ಬೀಜವನ್ನು ಮಾತ್ರ ಮನಸ್ಸಿನ ಪರದೆಯ ಹಿಂದೆ ಹಾಕಿದೆ."

"ಯಾವ ಮಡಕೆಗೆ?"

"ಅದನ್ನು ಹೇಳಬಾರದು ಅಂತ ನಿಮ್ಮ ಅಜ್ಜನವರ ಕಟ್ಟಳೆಯಿದೆಯಲ್ಲ!"

ದೊರೆ ರುಮಾಲು ಜಾರುವಷ್ಟು ನಕ್ಕು ಅವನಿಗೆ ಇನ್ನೊಂದು ಶಾಲು ಹೊದಿಸಿದ. ಹಾಡುವುದನ್ನೇನೂ ಬಿಡಲಿಲ್ಲ. ಆದರೆ ಅಂದಿನಿಂದ ಹಾಡಿ ಮುಗಿಸಿದ ಮೇಲೆ, ಹೇಗಿದೆ ಎಂದು ಯಾರನ್ನೂ ಕೇಳಲಿಲ್ಲ.