ನೆಲ ತಟ್ಟಿದ ಕೈ

ಬಲು ಹಿಂದಿನ ಮಾತು. ಹೊಳೆ ಇನ್ನೂ ಊರಿನ ಆಚೆ ಬದಿಗೆ ಹರಿಯುತ್ತಿದ್ದ ಕಾಲ. ಇಸವಿ ಗಿಸವಿ ಕೇಳಬೇಡಿ, ನನ್ನ ಅಜ್ಜನ ಅಜ್ಜನಿಗೂ ಅದು ಕೇಳಿದ ಕತೆಯೇ. ಆಗ ನಮ್ಮೂರಲ್ಲಿ ಗುರಸಿದ್ದ ಅಂತ ಒಬ್ಬ ಕುಂಬಾರನಿದ್ದ. ಚಿಕ್ಕಂದಿನಿಂದ ಮಣ್ಣು ತುಳಿದೂ ತುಳಿದೂ ಅವನ ಕಾಲು ಒನಕೆಯ ಹಾಗೆ ಆಗಿದ್ದವಂತೆ. ಅವನು ಬೇವಿನ ಮರಕ್ಕೆ ಒಂದು ಒದ್ದರೆ ಎಲೆಯೆಲ್ಲ ಉದುರಿ ಮರ ಬೋಳಾಗುತ್ತಿತ್ತಂತೆ. ಅಷ್ಟನ್ನು ನಾನೂ ನಂಬುವುದಿಲ್ಲ. ಹಣ್ಣು ಉದುರುತ್ತಿದ್ದದ್ದು ನಿಜವಿರಬೇಕು.

ಆ ಕಾಲಕ್ಕೆ ಸಂತೆಯಿಂದ ಸಂತೆಗೆ ಕೈಕಾಲಿನ ಕಾಳಗ ನಡೆಯುತ್ತಿತ್ತು. ಗುದ್ದಬಹುದು, ಒದೆಯಬಹುದು, ಹಿಡಿಯುವಂತಿಲ್ಲ. ಬಿದ್ದವನು ಸೋತ, ನಿಂತವನು ಗೆದ್ದ, ಮುಗಿಯಿತು. ಗುರಸಿದ್ದ ಒಂದು ಸಂತೆಯಲ್ಲೂ ಬೀಳಲಿಲ್ಲವಂತೆ. ಗಡಿಗೆ ಹೇರಿಕೊಂಡು ಹೋದ ಗಾಡಿಯಲ್ಲೇ ಗೆದ್ದ ರುಮಾಲು, ಬೆಳ್ಳಿ ಕಡಗ ತರುತ್ತಿದ್ದನಂತೆ. ಹೆಂಡತಿ ನೀಲವ್ವ ಮಾತ್ರ ಬೈಯುತ್ತಿದ್ದಳು, ಗಡಿಗೆ ಮಾರುವುದೊಂದು ಬಿಟ್ಟು ಉಳಿದದ್ದೆಲ್ಲ ಮಾಡಿ ಬರುತ್ತಾನೆ ಅಂತ.

ಹೀಗಿರುವಾಗ ಊರಿನ ದೇಸಾಯರಿಗೆ ಹೊಸ ಹುಚ್ಚು ಹಿಡಿಯಿತು. ಒದೆಯುವವರನ್ನು ಕುಸ್ತಿಯವರ ಮೇಲೆ ಬಿಟ್ಟರೆ ಏನಾದೀತು, ನೋಡಿಯೇ ಬಿಡೋಣ ಅಂದರು. ಗುದ್ದು, ಒದೆತ, ಪಟ್ಟು, ಎಲ್ಲ ನಡೆಯುತ್ತದೆ. ಬಿದ್ದರೂ ಕಾಳಗ ಮುಗಿಯುವುದಿಲ್ಲ. ಇನ್ನು ನನ್ನಿಂದಾಗದು ಅನ್ನುವವನು ಅಂಗೈಯಿಂದ ನೆಲ ತಟ್ಟಬೇಕು. ಯಾರ ಕೈ ನೆಲ ತಟ್ಟಿತೋ ಅವನು ಸೋತ. ಜನ ಅದನ್ನು ‘ಎಲ್ಲಾ ಕಾಳಗ’ ಅಂತಲೇ ಕರೆದರು.

ಗುರಸಿದ್ದ ಮೀಸೆ ತಿರುವಿಕೊಂಡು ಹೋದ. ಎದುರಿಗೆ ಬಂದವನು ಲಾಲಸಾಬ ವಸ್ತಾದ, ಗರಡಿಯಲ್ಲಿ ಕುಸ್ತಿ ಕಲಿಸುವವನು, ಗಡ್ಡ ನೆರೆತ ಮನುಷ್ಯ. ಗುರಸಿದ್ದನಿಗೆ ನಗು ಬಂತಂತೆ. ಒದೆಯಲು ಕಾಲೆತ್ತಿದ. ಲಾಲಸಾಬ ಆ ಕಾಲನ್ನೇ ಹಿಡಿದು ಮಗುಚಿದ. ಅಷ್ಟೇ. ನಿಂತು ಹೊಡೆಯುವುದು ಬಿಟ್ಟರೆ ಬೇರೇನೂ ಗೊತ್ತಿಲ್ಲದ ಗುರಸಿದ್ದ ಅಂಗಾತ ಬಿದ್ದ ಜೀರುಂಡೆಯ ಹಾಗೆ ಕೈಕಾಲು ಆಡಿಸಿ, ಕೊನೆಗೆ ನೆಲ ತಟ್ಟಿದ. ಜನ ನಕ್ಕೂ ನಕ್ಕೂ ಸುಸ್ತಾದರಂತೆ.

ಬೇರೆ ಯಾರಾದರೂ ಆಗಿದ್ದರೆ ಮುಖ ಮುಚ್ಚಿಕೊಂಡು ಮನೆ ಸೇರುತ್ತಿದ್ದರು. ಇವನು ಮೈಮೇಲಿನ ಧೂಳನ್ನೂ ಕೊಡವದೆ ಲಾಲಸಾಬನ ಹಿಂದೆಯೇ ಗರಡಿಗೆ ಹೋದ.

“ಬಿದ್ದ ಮ್ಯಾಲ ಏನ್ ಮಾಡಬೇಕು ಅನ್ನೋದು ಕಲಿಸ್ರಿ, ವಸ್ತಾದರ.”

“ನಿನ್ನ ವಯಸ್ಸಿಗೆ ಮಂದಿ ಗರಡಿ ಬಿಡ್ತಾರ. ನೀ ಸೇರಾಕ ಬಂದೀಯೇನಪಾ?” ಅಂದ ಲಾಲಸಾಬ, ನಗುತ್ತಲೇ ಅವನ ಕೈಗೆ ಸಲಿಕೆ ಕೊಟ್ಟ. ಹೊಸಬರು ಮೊದಲು ಅಖಾಡದ ಮಣ್ಣು ಹದ ಮಾಡಬೇಕು, ಅದು ಗರಡಿಯ ಪದ್ಧತಿ. ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಷಿಣ ಬೆರೆಸಿ ಅಗೆಯಬೇಕು. ಮಣ್ಣು ಹದ ಮಾಡುವುದನ್ನು ಕುಂಬಾರನಿಗೆ ಯಾರು ಹೇಳಿಕೊಡಬೇಕು! ಸಲಿಕೆ ಅತ್ತ ಇಟ್ಟು ಕಾಲಿಂದಲೇ ತುಳಿದು ಬೆಣ್ಣೆ ಮಾಡಿಟ್ಟನಂತೆ. ಆಮೇಲೆ ಗರಡಿಯವರೆಲ್ಲ ಅವನನ್ನು ಎತ್ತಿ ಎತ್ತಿ ಅದೇ ಮಣ್ಣಿಗೆ ಒಗೆದರು.

“ಇಷ್ಟು ದಿನಾ ಮಣ್ಣು ಬುಟ್ಟ್ಯಾಗ ತರತಿದ್ರಿ, ಈಗ ಬೆನ್ನಾಗ ತರಾಕ ಹತ್ತೀರಿ” ಅಂತ ನೀಲವ್ವ ಬೆನ್ನು ತಿಕ್ಕುತ್ತಾ ಕಾಡುತ್ತಿದ್ದಳಂತೆ. ಗುರಸಿದ್ದನಿಗೆ ಬೇಸರವೇನೂ ಆಗಲಿಲ್ಲ. ಗೆಲ್ಲುತ್ತಿದ್ದಾಗ ಇಲ್ಲದ ಸುಖ ಕಲಿಯುವಾಗ ಇತ್ತು ಅಂತ ಅವನೇ ಹೇಳುತ್ತಿದ್ದನಂತೆ. ಮಳೆಗಾಲ ಬಂತು, ಹೋಯಿತು, ಮತ್ತೆ ಬಂತು. ಬೀಳುವುದು ಕಲಿತ, ಬಿದ್ದು ಹಿಡಿಯುವುದು ಕಲಿತ, ಹಿಡಿದದ್ದನ್ನು ಬಿಡದಿರುವುದು ಕಲಿತ. ಒದೆಯುವುದನ್ನು ಮರೆಯಲೂ ಇಲ್ಲ. ‘ಎಲ್ಲಾ ಕಾಳಗ’ದಲ್ಲಿ ಅವನ ಎದುರು ನಿಲ್ಲುವವರು ಬರಬರುತ್ತಾ ಕಡಿಮೆಯಾದರು.

ಆಗ ದೇಸಾಯರು ಕುದುರೆ ತಂದರು. ಗರಡಿಯ ಗೋಡೆ ದಪ್ಪ, ಒಳಗೆ ತಂಪು, ಲಾಯಕ್ಕೆ ಇದೇ ಸರಿ ಅಂದರು. ದೊಡ್ಡವರ ಬುದ್ಧಿ, ಕುದುರೆಗೆ ಸೆಕೆಯಾಗುತ್ತದೆ ಅಂತ ಗೊತ್ತು, ಮನುಷ್ಯರಿಗೆ ಸಂಕಟವಾಗುತ್ತದೆ ಅಂತ ಗೊತ್ತಿಲ್ಲ. ಲಾಲಸಾಬನಿಗೆ ಆ ಗರಡಿ ಬಿಟ್ಟರೆ ಮನೆಯಿಲ್ಲ, ಮಕ್ಕಳಿಲ್ಲ. ಹೋಗಿ ಕೈ ಮುಗಿದ. ದೇಸಾಯರು ಒಂದು ಕರಾರು ಹಾಕಿದರು. ನನ್ನ ಪೈಲ್ವಾನ ಭರಮಣ್ಣನ ಕೂಡ ನಿನ್ನ ಮನುಷ್ಯ ‘ಎಲ್ಲಾ ಕಾಳಗ’ ಆಡಲಿ. ಗೆದ್ದರೆ ಗರಡಿ ಎಂದೆಂದಿಗೂ ನಿಮ್ಮದು, ಸೋತರೆ ಕುದುರೆಗಳದ್ದು.

ಭರಮಣ್ಣ ಕುಸ್ತಿಯಲ್ಲಿ ಸೋಲು ಕಂಡವನಲ್ಲ. ಅವನು ಕೂತೆದ್ದ ಕಡೆ ನೆಲದಲ್ಲಿ ತಗ್ಗು ಬಿದ್ದು ಮಳೆನೀರು ನಿಲ್ಲುತ್ತಿತ್ತಂತೆ. ದೇಸಾಯರ ವಾಡೆಯ ಅಂಗಳದಲ್ಲಿ ಜನ ಕಿಕ್ಕಿರಿದರು. ಗುರಸಿದ್ದ ಒದ್ದ, ಮತ್ತೆ ಒದ್ದ. ಭರಮಣ್ಣ ಅದನ್ನೆಲ್ಲ ತಿಂದು ಒಳಗೆ ನುಗ್ಗಿ, ಅವನನ್ನು ತಲೆಯ ಮೇಲೆತ್ತಿ ಅಂಗಾತ ಕೆಡವಿದ. ಬೆನ್ನು ಮಣ್ಣಿಗೆ ಬಿತ್ತು. ಹಲಗೆಯವರು ಗೆಲುವಿನ ಪೆಟ್ಟು ಬಾರಿಸಿದರು. ಭರಮಣ್ಣ ಎದ್ದು ನಿಂತು ದೇಸಾಯರ ಕಡೆ ತಿರುಗಿ ಕೈ ಎತ್ತಿದ.

ಪಾಪ, ಅವನನ್ನು ಬೈಯಬೇಡಿ. ಹುಟ್ಟಿದಾಗಿನಿಂದ ಕುಸ್ತಿ ಆಡಿದವನಿಗೆ ಎದುರಾಳಿಯ ಬೆನ್ನು ಮಣ್ಣು ಮುಟ್ಟಿದರೆ ಮುಗಿಯಿತು ಅಂತಲೇ ಲೆಕ್ಕ. ಇದು ಕುಸ್ತಿಯಲ್ಲ ಅನ್ನುವುದೇ ಅವನಿಗೆ ಮರೆತುಹೋಯಿತು. ಗುರಸಿದ್ದ ಮರೆತಿರಲಿಲ್ಲ. ಮಲಗಿದಲ್ಲಿಂದಲೇ ಭರಮಣ್ಣನ ಕಾಲಿಗೆ ಕಾಲು ಹೆಣೆದು ಬೀಳಿಸಿದ, ಬೆನ್ನೇರಿದ, ಕುತ್ತಿಗೆಗೆ ತೋಳು ಹಾಕಿ ಬಿಗಿದ.

ಇನ್ನು ನೆಲ ತಟ್ಟುವುದೊಂದೇ ಬಾಕಿ. ಭರಮಣ್ಣ ತಟ್ಟಲಿಲ್ಲ. ಸೋತೆ ಅನ್ನುವುದನ್ನು ಆ ಕೈ ಒಮ್ಮೆಯೂ ಕಲಿತಿರಲಿಲ್ಲ. ಅವನ ಕಣ್ಣು ಮೇಲಕ್ಕೆ ಹೋದವು. ತೋಳು ಸಡಿಲಿಸಿದರೆ ಭರಮಣ್ಣ ಮತ್ತೆ ಕೈಗೆ ಸಿಗುವವನಲ್ಲ, ಗರಡಿ ಹೋಯಿತು. ಸಡಿಲಿಸದಿದ್ದರೆ ಒಂದು ಜೀವ ಹೋಗುತ್ತದೆ.

“ಬಿಡಪಾ ಗುರಸಿದ್ದಾ, ಬಿಡು! ಗರಡಿ ಹೋದ್ರ ಹೋಗ್ಲಿ!” ಅಂತ ಲಾಲಸಾಬ ಕೂಗಿದನಂತೆ, ಅಳುತ್ತಾ.

ಗುರಸಿದ್ದ ಏನು ಮಾಡಿದ ಗೊತ್ತೇನು? ಭರಮಣ್ಣನ ಕೈಯ ಮೇಲೆ ತನ್ನ ಕೈ ಇಟ್ಟು, ಎರಡೂ ಕೈ ಸೇರಿಸಿ ನೆಲ ತಟ್ಟಿದ. ತಟ್ಟಿ, ತೋಳು ಬಿಟ್ಟು, ಎದ್ದ.

ಅಂಗಳವೆಲ್ಲ ಗದ್ದಲ. ಗೆದ್ದ ಅಂದರು ಕೆಲವರು, ಮೋಸ ಅಂದರು ಕೆಲವರು. ದೇಸಾಯರು ಎದ್ದು ನಿಂತು, ತಟ್ಟಿದ್ದು ಯಾರ ಕೈ ಅಂತ ಕೇಳಿದರು. ಗುರಸಿದ್ದನಿಗೆ ಸುಳ್ಳು ಬರಲಿಲ್ಲ.

“ತಟ್ಟಿದಾವ ನಾನ್ರಿ, ಧಣ್ಯಾರ.”

ಲಾಲಸಾಬ ತಲೆ ತಗ್ಗಿಸಿದ. ದೇಸಾಯರು ತೀರ್ಪು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಭರಮಣ್ಣ ಕೆಮ್ಮುತ್ತಾ ಎದ್ದು ಕೂತ. ಯಾರೋ ನೀರು ಕೊಟ್ಟರು. ಕುಡಿದು, ತನ್ನ ಅಂಗೈ ತಿರುಗಿಸಿ ನೋಡಿಕೊಂಡ. ಆಮೇಲೆ ಅದನ್ನು ಎತ್ತಿ ದೇಸಾಯರಿಗೆ ತೋರಿಸಿದ.

“ಮಣ್ಣು ಹತ್ತಿದ್ದು ನನ್ನ ಕೈಗ್ರಿ. ಅವನ ಅಂಗೈ ನೋಡ್ರಿ, ಸ್ವಚ್ಛ ಐತಿ. ನಾನ ಸೋತೀನಿ.”

ದೇಸಾಯರು ಗರಡಿ ಬಿಟ್ಟುಕೊಟ್ಟರಂತೆ. ಕುದುರೆಗೆ ಬೇರೆ ಲಾಯ ಕಟ್ಟಿಸಿದರು. ಭರಮಣ್ಣ ಮರುದಿನವೇ ಗರಡಿಗೆ ಬಂದು, ಒದೆಯುವುದು ಕಲಿಸು ಅಂತ ಗುರಸಿದ್ದನ ಮುಂದೆ ನಿಂತ. ಆ ಮೈ ಹೊತ್ತು ಕಾಲೆತ್ತಲು ಹೋಗಿ ದಿನಾ ತಾನೇ ಬೀಳುತ್ತಿದ್ದನಂತೆ, ಬಿದ್ದು ನಗುತ್ತಿದ್ದನಂತೆ. ಇಬ್ಬರೂ ಮುದುಕರಾಗುವವರೆಗೂ ಅಲ್ಲೇ ಕಲಿಸಿದರು.

ಈಗಲೂ ನಮ್ಮ ಗರಡಿಯಲ್ಲಿ ಯಾರಾದರೂ ಸಿಕ್ಕಿಬಿದ್ದು ಹಟಕ್ಕೆ ನೆಲ ತಟ್ಟದಿದ್ದರೆ, ಮೇಲಿದ್ದವನು ಅವನ ಕೈ ಹಿಡಿದು ತಟ್ಟಿಸುತ್ತಾನೆ. ಗರಡಿಯ ಹೊರಗೂ ಅಷ್ಟೇ. ಅಣ್ಣತಮ್ಮಂದಿರು ಬದುವಿಗೆ ಜಗಳವಾಡಿದರೂ, ಗಂಡಹೆಂಡತಿ ಮಾತು ಬಿಟ್ಟರೂ, ಹಿರಿಯರು ಕೂರಿಸಿ ಒಬ್ಬರ ಕೈಮೇಲೆ ಒಬ್ಬರ ಕೈ ಇಡಿಸಿ ನೆಲ ತಟ್ಟಿಸುತ್ತಾರೆ. ತಟ್ಟಿದ ಮೇಲೆ ಮತ್ತೊಂದು ಜಗಳ ಶುರುವಾಗುತ್ತದೆ, ನೀವೇ ನೋಡಿದ್ದೀರಿ. ನನ್ನ ಕೈಯೇ ಕೆಳಗಿತ್ತು, ಮಣ್ಣು ಹತ್ತಿದ್ದು ನನಗೇ, ಅಂತ ಇಬ್ಬರೂ ಅಂಗೈ ತೋರಿಸುತ್ತಾರೆ.